ಹುಟ್ಟಿದ ಊರು ಎಂಬ ಸಾಲು

ವಾಟ್ಸನ್‌ವಿಲ್, ಕ್ಯಾಲಿಫೋರ್ನಿಯಾ
9 ಜನವರಿ 2008

ಎರ್ಲಿಂದಾ ಅಕ್ಕಾ,

ಫೋನಿನಲ್ಲಿ ನಿನಗೆ ಕಿವಿ ಕೇಳೋಲ್ಲ, ಕೇಳಿಸಿದ್ದನ್ನೂ ಕೇಳಿಸಲಿಲ್ಲ ಅಂತ ಸಾಧಿಸ್ತೀಯ. ಅದಕ್ಕೇ ಬರೀತಿದೀನಿ. ನಿನ್ನ ಕ್ರಿಸ್‌ಮಸ್ ಕಾಗದ ಮೂರು ರಾಜರ ಹಬ್ಬವೂ ಕಳೆದ ಮೇಲೆ, ಜನವರಿ ಏಳಕ್ಕೆ ಕೈಗೆ ಸಿಕ್ಕಿತು.

ಒಂದು ಸುದ್ದಿ ಇದೆ, ನಗಬೇಡ. ಮೇ ತಿಂಗಳಿಗೆ ನನಗೂ ದೆಲ್ಫಿನಾಗೂ ಮದುವೆಯಾಗಿ ನಲವತ್ತು ವರ್ಷ. ಮಗಳು ನೊಯೆಮಿ ನಮಗೆ ಹಡಗಿನ ಟಿಕೆಟ್ ಮಾಡಿಸಿದ್ದಾಳೆ. ಲಾಸ್ ಏಂಜಲೀಸ್‌ನಲ್ಲಿ ಹತ್ತೋದು, ಸಾಂತಾ ಬಾರ್ಬರಾ, ಸ್ಯಾನ್ ಫ್ರಾನ್ಸಿಸ್ಕೋ, ಅಸ್ಟೋರಿಯಾ ನೋಡ್ಕೊಂಡು ಕೆನಡಾದ ವ್ಯಾಂಕೂವರಿನಲ್ಲಿ ಇಳಿಯೋದು, ಅಲ್ಲಿಂದ ವಿಮಾನದಲ್ಲಿ ವಾಪಸ್. ಇಪ್ಪತ್ತೊಂಬತ್ತು ವರ್ಷ ಬ್ರೊಕೋಲಿ ಕಾರ್ಖಾನೆಯ ಶೀತಲ ಕೋಣೆಯಲ್ಲಿ ನಿಂತವನು ನಾನು. ಇಲ್ಲಿಂದ ಸಮುದ್ರ ನಾಲ್ಕು ಮೈಲಿ. ಒಂದು ಸಲವೂ ಅದರ ಮೇಲೆ ಹೋಗಿಲ್ಲ.

ಇದಕ್ಕೆ ಪಾಸ್‌ಪೋರ್ಟ್ ಬೇಕಂತೆ. “ನಮ್ಮ ಕರಾವಳಿಯನ್ನೇ ನೋಡೋದಕ್ಕೆ ಪಾಸ್‌ಪೋರ್ಟ್ ಯಾತಕ್ಕೆ, ಸಿಯಾಟಲ್‌ನಲ್ಲೇ ಇಳಿಸಿದ್ರೆ ಆಗಲ್ವಾ” ಅಂತ ಕೇಳಿದೆ. ನೊಯೆಮಿ ಟಿಕೆಟ್ ಏಜೆಂಟರನ್ನು ಕೇಳಿ ಬಂದು ಪಾಠ ಒಪ್ಪಿಸಿದಳು. ಹಡಗಿನ ಮೇಲಿರೋ ಬಾವುಟ ನಮ್ಮದಲ್ಲವಂತೆ, ಬಹಾಮಾಸಿನದು. 1886ರಲ್ಲಿ ಮಾಡಿದ ಕಾನೂನು ಒಂದಿದೆ. ಬೇರೆ ದೇಶದ ಬಾವುಟದ ಹಡಗು ನಮ್ಮ ಒಂದು ಬಂದರಿನಲ್ಲಿ ಜನ ಹತ್ತಿಸಿಕೊಂಡು ನಮ್ಮದೇ ಇನ್ನೊಂದು ಬಂದರಿನಲ್ಲಿ ಇಳಿಸೋ ಹಾಗಿಲ್ಲ. ನಮ್ಮ ಹಡಗಿನವರ ಹೊಟ್ಟೆ ಮೇಲೆ ಹೊರಗಿನವರು ಹೊಡೆಯಬಾರದು ಅಂತ ಆ ಕಾಲದಲ್ಲಿ ಮಾಡಿದ್ದು. ಈಗ ನಮ್ಮ ಬಾವುಟದ ದೊಡ್ಡ ಪ್ರವಾಸಿ ಹಡಗು ಹುಡುಕಿದರೂ ಸಿಗೋದಿಲ್ಲ, ಕಾನೂನು ಮಾತ್ರ ಹಾಗೇ ಇದೆ. ಅದಕ್ಕೇ ಕರಾವಳಿ ಹಡಗುಗಳೆಲ್ಲ ಒಂದು ಪರದೇಶದ ಬಂದರನ್ನು ಹೇಗಾದರೂ ಸೇರಿಸ್ಕೊಳ್ತಾವೆ. ಕೆಲವು ದೇಶದವರು ಆ ಅರ್ಧ ದಿನಕ್ಕೆ ವೀಸಾನೂ ಮಾಡಿಸ್ಕೋಬೇಕು. “ನಮಗೆ ಆ ತಾಪತ್ರಯ ಇಲ್ಲ ಅಪ್ಪಾ, ನಾವು ಇಲ್ಲಿನವರು” ಅಂದಳು ನೊಯೆಮಿ.

ನವೆಂಬರಿನಲ್ಲೇ ಅರ್ಜಿ ಹಾಕಿದ್ದೆ. ದೆಲ್ಫಿನಾಳದು ಬಂತು, ನನ್ನದು ಬರಲಿಲ್ಲ. ನಾನು ಸೂಲಗಿತ್ತಿ ಕೈಲಿ ಹುಟ್ಟಿದವನಲ್ವಾ, ಮೆಕ್ಸಿಕೋ ಗಡಿಯ ಹೊಳೆ ಪಕ್ಕದ ಊರುಗಳ ಸೂಲಗಿತ್ತಿಯರು ಬರೆಸಿದ ಜನನಪತ್ರಕ್ಕೆ ಜೊತೆಯಾಗಿ ಇನ್ನೊಂದು ಆಧಾರ ಕೊಡಿ ಅಂತ ಕಾಗದ ಬಂದಿದೆ. ತೊಂಬತ್ತು ದಿನದ ಗಡುವು. ಅಮ್ಮನ ತಗಡಿನ ಪೆಟ್ಟಿಗೆ ನಿನ್ನ ಹತ್ತಿರ ಇದೆಯಲ್ಲ, ಅದರಲ್ಲಿ ನಾನು ಹುಟ್ಟಿದಾಗ ಚರ್ಚಿನವರು ಕೊಟ್ಟ ಜ್ಞಾನಸ್ನಾನದ ಚೀಟಿ ಇರಬೇಕು. ಹುಡುಕಿ ಕಳಿಸು.

ನಿನ್ನ ತಮ್ಮ
ಎವಾರಿಸ್ತೋ


ಬ್ರೌನ್ಸ್‌ವಿಲ್, ಟೆಕ್ಸಸ್
24 ಜನವರಿ 2008

ಎವಾರಿಸ್ತೋ,

ನಿನ್ನ ಕಾಗದ ಮೂರು ಸಲ ಓದಿದೆ. ಪೆಟ್ಟಿಗೆಯಲ್ಲಿ ನೀನು ಕೇಳಿದ ಚೀಟಿ ಇಲ್ಲ. ಇರೋದು ಅಮ್ಮನ ಜಪಮಣಿ, ಅಪ್ಪನ ಟೋಪಿ ಹಾಕಿದ ಒಂದು ಫೋಟೋ, ಚಂಡಮಾರುತದ ವರ್ಷ ನೆನೆದು ಅಂಟಿಕೊಂಡ ಕೆಲವು ಕಾಗದ. ಬಿಡಿಸಲು ಹೋದರೆ ಹರಿಯುತ್ತೆ.

ನಿನಗೆ ಹಡಗು ಯಾಕಪ್ಪ? ಕಾರಿನಲ್ಲಿ ಹಿಂದೆ ಕೂತರೆ ವಾಂತಿ ಮಾಡ್ಕೊಳ್ತಿದ್ದವನು ನೀನು. ದೆಲ್ಫಿನಾಳ ಮಂಡಿ ಬೇರೆ ಸರಿಯಿಲ್ಲ. ರೈಲಿನಲ್ಲಿ ಹೋಗಿ, ಸಿಯಾಟಲ್ ತನಕ ರೈಲಿದೆ, ಕಿಟಕಿಯಲ್ಲಿ ಅದೇ ಸಮುದ್ರ ಕಾಣುತ್ತೆ, ಯಾರೂ ಏನೂ ಕೇಳೋದಿಲ್ಲ.

ಅರ್ಜಿಗೆ ಸಹಿ ಹಾಕಿಬಿಟ್ಟಿದ್ದೀಯಾ? ಹುಟ್ಟಿದ ಊರು ಅಂತ ಒಂದು ಸಾಲು ಇರುತ್ತಲ್ಲ, ಅದರಲ್ಲಿ ಏನು ಬರೆದೆ? ಆ ಅರ್ಜಿ ವಾಪಸ್ ತಗೊಳ್ಳೋಕೆ ಬರುತ್ತಾ ಅಂತ ವಿಚಾರಿಸು.

ಇಲ್ಲಿ ಹೊಳೆದಂಡೆಗೆ ಬೇಲಿ ಕಟ್ಟಬೇಕು ಅಂತ ಸರ್ಕಾರದವರು ಅಳತೆ ಮಾಡ್ತಿದಾರೆ. ಮೊನ್ನೆ ಇಬ್ಬರು ನಮ್ಮ ಕಳ್ಳಿಗಿಡದ ಸಾಲಿನ ತನಕ ಬಂದು ಗೂಟ ಹೊಡೆದು ಹೋದರು. ಅವರು ಹೋಗೋ ತನಕ ನಾನು ಬಾಗಿಲು ತೆಗೆಯಲಿಲ್ಲ.

ಅಕ್ಕ


ವಾಟ್ಸನ್‌ವಿಲ್
6 ಫೆಬ್ರವರಿ 2008

ಅಕ್ಕಾ,

ಸಹಿ ಹಾಕದೆ ಅರ್ಜಿ ಹೇಗೆ ಕಳಿಸ್ತಾರೆ? ಹುಟ್ಟಿದ ಊರು ಬ್ರೌನ್ಸ್‌ವಿಲ್ ಅಂತ ಬರೆದೆ, ಮತ್ತೇನು ಬರೀಲಿ, ರೋಮ್ ಅಂತಲಾ? ಸೈನ್ಯದಲ್ಲಿದ್ದಾಗ ವಿಮಾನದಲ್ಲಿ ಜರ್ಮನಿಗೆ ಕರ್ಕೊಂಡು ಹೋದರು. ಆಗ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಈಗ ಅರವತ್ತೇಳನೇ ವಯಸ್ಸಿಗೆ ನಾನು ಹುಟ್ಟಿದ್ದೇ ನಿಜವಾ ಅಂತ ಕೇಳ್ತಿದಾರೆ.

ಪಾಸ್‌ಪೋರ್ಟ್ ಬರದೇ ಹೋದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇಳಿದು ಬಸ್ಸಿನಲ್ಲಿ ಮನೆಗೆ ಬಂದುಬಿಡೋಣ ಅಂತ ನಾನೊಂದು ಉಪಾಯ ಹೇಳಿದೆ. ನೊಯೆಮಿ ವಿಚಾರಿಸಿದಳು. ಅದೂ ಆಗೋಲ್ಲವಂತೆ. ಊರು ಸುತ್ತಿ ಮತ್ತೆ ಹತ್ತಬೇಕು. ಹತ್ತದೇ ಉಳಿದರೆ ಲಾಸ್ ಏಂಜಲೀಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನನ್ನನ್ನು ಸಾಗಿಸಿದ ಹಾಗಾಗಿ ಹಡಗಿನವರಿಗೆ ದಂಡ ಬೀಳುತ್ತೆ. ಹತ್ತಿದ ಮೇಲೆ ಪರದೇಶ ಮುಟ್ಟಲೇಬೇಕು.

ನೀನು ಚೀಟಿ ಹುಡುಕಿದ ಹಾಗೆ ಕಾಣಲಿಲ್ಲ. ಅದಕ್ಕೇ ನಾನೇ ಬ್ರೌನ್ಸ್‌ವಿಲ್ ಚರ್ಚಿಗೆ ಬರೆದೆ. 1941ರ ದಾಖಲೆ ಎಲ್ಲ ಇದೆ, ನನ್ನ ಹೆಸರು ಮಾತ್ರ ಇಲ್ಲ ಅಂತ ಉತ್ತರ ಬಂತು. ಅಮ್ಮ ಬೇರೆ ಯಾವ ಚರ್ಚಿಗೆ ಕರ್ಕೊಂಡು ಹೋಗಿದ್ದಳು? ನಿನಗೆ ಆಗ ಹನ್ನೊಂದು ವರ್ಷ, ನೆನಪಿರಬೇಕು.

ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡ. ನಾವು ಹೋಗೋದು ನಿನಗೆ ಇಷ್ಟ ಇಲ್ಲ ಅನಿಸುತ್ತೆ. ಅಮ್ಮನನ್ನು ನೋಡಿಕೊಂಡು ನೀನು ಆ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ, ಮದುವೆ ಮಾಡ್ಕೊಳ್ಳಲಿಲ್ಲ, ನನಗೆ ಗೊತ್ತಿದೆ. ಅದಕ್ಕೆ ನಾನು ಸುಖವಾಗಿರಬಾರದು ಅಂತಲ್ಲವಲ್ಲ.

ಎವಾರಿಸ್ತೋ


ಬ್ರೌನ್ಸ್‌ವಿಲ್
3 ಮಾರ್ಚ್ 2008

ಎವಾರಿಸ್ತೋ,

ಯಾವ ಚರ್ಚಿಗೂ ಬರೀಬೇಡ. ಯಾವ ಆಫೀಸಿಗೂ ಬರೀಬೇಡ. ಅವರು ಕೇಳಿದರೆ ಹಡಗಿಗೆ ಹೋಗೋ ಮನಸ್ಸಿಲ್ಲ, ಪಾಸ್‌ಪೋರ್ಟ್ ಬೇಡ ಅಂತ ಹೇಳಿ ಸುಮ್ಮನಾಗು. ಯಾಕೆ ಅಂತ ಕೇಳಬೇಡ. ನಾನು ಸಾಯೋ ತನಕ ಹೇಳೋಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ.

ಹೊಟ್ಟೆಕಿಚ್ಚು ಅಂದೆ. ಅಂದುಕೋ. ಹೋಗಬೇಡ ಅಷ್ಟೆ. ಹೋದರೆ ನಿನ್ನನ್ನು ವಾಪಸ್ ಒಳಗೆ ಬಿಡೋದಿಲ್ಲ.

ಎರ್ಲಿಂದಾ


ವಾಟ್ಸನ್‌ವಿಲ್
10 ಮಾರ್ಚ್ 2008

ಅಕ್ಕಾ,

ನಿನ್ನ ಕಾಗದ ಬಂದಾಗಿನಿಂದ ಊಟ ಸೇರ್ತಾ ಇಲ್ಲ. ಅಂಗಿಯ ಒಳಜೇಬಿನಲ್ಲಿ ಇಟ್ಕೊಂಡು ಓಡಾಡ್ತಿದೀನಿ, ದೆಲ್ಫಿನಾ ಕೈಗೆ ಸಿಗಬಾರದು ಅಂತ.

ಯೋಚನೆ ಮಾಡಿ ಮಾಡಿ ಒಂದು ಅರ್ಥ ಆಗಿದೆ. ನಾನು ಅಪ್ಪನ ಮಗ ಅಲ್ಲ, ಹೌದಾ? ಚಿಕ್ಕಂದಿನಲ್ಲಿ ಸೋದರಮಾವನ ಮಗ ತಾಚೋ ನನ್ನನ್ನು “ಹಾಲು ಸುರಿದ ಕಾಫಿ” ಅಂತ ಅಣಕಿಸ್ತಿದ್ದ. ನಿಮ್ಮೆಲ್ಲರಿಗಿಂತ ನಾನು ಬೆಳ್ಳಗಿದ್ದೆ. ಅಮ್ಮ ಒಂದು ಸಲ ಅವನ ಕೆನ್ನೆಗೆ ಹೊಡೆದಿದ್ದು ನೆನಪಿದೆ, ಆಟದ ಮಾತಿಗೆ ಅಷ್ಟು ಸಿಟ್ಟು ಯಾಕೆ ಅಂತ ಆಗ ತಿಳಿಯಲಿಲ್ಲ. ಜ್ಞಾನಸ್ನಾನದ ಚೀಟಿಯಲ್ಲಿ ಬೇರೆ ಯಾರದೋ ಹೆಸರಿದೆ, ಅದಕ್ಕೇ ನೀನು ಮುಚ್ಚಿಟ್ಟಿದೀಯ, ವಾಪಸ್ ಬಿಡೋದಿಲ್ಲ ಅಂತ ಸುಮ್ಮನೆ ಹೆದರಿಸ್ತಿದೀಯ.

ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸ್ಕೊಂಡು ಹತ್ತಿ ಹೊಲಕ್ಕೆ ಹೋಗ್ತಿದ್ದ. ಅವನಿಗೆ ಗೊತ್ತಿತ್ತಾ? ಅದೊಂದು ಹೇಳು ಸಾಕು.

ಎವಾರಿಸ್ತೋ


ಬ್ರೌನ್ಸ್‌ವಿಲ್
ಪವಿತ್ರ ವಾರ, ಬುಧವಾರ
19 ಮಾರ್ಚ್ 2008

ನನ್ನ ತಮ್ಮಾ,

ಅಯ್ಯೋ ದಡ್ಡ. ನೀನು ಅಪ್ಪನ ಮಗ. ನಿನ್ನ ಕಿವಿ ನೋಡ್ಕೋ, ನಿನ್ನ ಹಠ ನೋಡ್ಕೋ. ಅಮ್ಮನ ಮೇಲೆ ಅಂಥ ಮಾತು ಇನ್ನೊಂದು ಸಲ ಬರೀಬೇಡ. ಅವಳ ಹೆಸರು ಕೆಡೋದಕ್ಕಿಂತ ನನ್ನ ಮಾತು ಮುರಿಯೋದೇ ವಾಸಿ ಅಂತ ಈವತ್ತು ಚರ್ಚಿಗೆ ಹೋಗಿ, ಸತ್ತವಳ ಹೆಸರಿಗೆ ಮೇಣದಬತ್ತಿ ಹಚ್ಚಿ, ಅವಳಿಗೆ ಹೇಳಿ ಬಂದೆ.

ನೀನು ಬ್ರೌನ್ಸ್‌ವಿಲ್‌ನಲ್ಲಿ ಹುಟ್ಟಲಿಲ್ಲ. ಹೊಳೆಯ ಆ ಕಡೆ, ಮೆಕ್ಸಿಕೋದ ಮಾತಾಮೋರೋಸಿನಲ್ಲಿ, ಚೋನಾ ಅತ್ತೆಯ ಮನೆಯಲ್ಲಿ ಹುಟ್ಟಿದೆ. ನಡುಮಧ್ಯಾಹ್ನ. ನಾನು ಒಲೆಯ ಮುಂದೆ ಬಿಸಿನೀರು ಕಾಯಿಸ್ತಾ ಇದ್ದೆ. ನಿನ್ನ ಅಳು ಕೇಳಿ ಚೊಂಬು ಕೈಬಿಟ್ಟೆ, ಕಾಲಿನ ಸುಟ್ಟ ಕಲೆ ಈಗಲೂ ಇದೆ.

ನಾನು ಹುಟ್ಟಿದ್ದು ಈ ಕಡೆ, ಸ್ಯಾನ್ ಬೆನಿತೋದಲ್ಲಿ. ನನಗೆ ಒಂದು ವರ್ಷ ಆಗಿದ್ದಾಗ, 1931ರಲ್ಲಿ, ಇಲ್ಲಿನವರಿಗೇ ಕೆಲಸ ಇಲ್ಲ, ಮೆಕ್ಸಿಕೋ ಮೂಲದವರೆಲ್ಲ ಹೊರಡಿ ಅಂತ ಲಾರಿಗಳಲ್ಲಿ ತುಂಬಿ ಸೇತುವೆ ದಾಟಿಸಿದರು. ಯಾರು ಎಲ್ಲಿ ಹುಟ್ಟಿದವರು ಅಂತ ಯಾರೂ ಕೇಳಲಿಲ್ಲ. ಹತ್ತು ವರ್ಷ ಆ ಕಡೆ ಇದ್ದೆವು. ನೀನು ಹುಟ್ಟಿ ಮೂರು ವಾರಕ್ಕೆ ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿ ವಾಪಸ್ ಬಂದೆವು. ಅಮ್ಮನಿಗೆ ಆ ಲಾರಿಯ ಭಯ ಹೋಗಿರಲಿಲ್ಲ. ಮತ್ತೆ ಲಾರಿ ಬಂದರೆ ಮಗುವನ್ನು ಮಾತ್ರ ಕಿತ್ತುಕೊಂಡು ಆ ಕಡೆ ಬಿಡ್ತಾರೆ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಪೇತ್ರಾ ಅನ್ನೋ ಸೂಲಗಿತ್ತಿಯ ಹತ್ತಿರ ಹೋದಳು. ಪೇತ್ರಾ ತನ್ನ ಮನೆಯಲ್ಲೇ ಹುಟ್ಟಿತು ಅಂತ ಬರೆಸೋಕೆ ಒಪ್ಪಿದಳು. ಆದರೆ ಅವಳಿಗೆ ಬರೆಯೋಕೆ ಬರ್ತಿರಲಿಲ್ಲ. ಅಮ್ಮನಿಗೂ ಬರ್ತಿರಲಿಲ್ಲ.

ನನಗೆ ಬರ್ತಿತ್ತು. ನಿನ್ನ ಜನನಪತ್ರಕ್ಕೆ ಆಧಾರವಾದ ಆ ಚೀಟಿಯ ಮೇಲಿರೋ ಅಕ್ಷರ ನನ್ನದು. ಹುಟ್ಟಿದ ಊರು ಅನ್ನೋ ಸಾಲಿನಲ್ಲಿ ಬ್ರೌನ್ಸ್‌ವಿಲ್ ಅಂತ ಬರೆದವಳು ನಾನು. ಕಾಗುಣಿತ ತಪ್ಪಿತ್ತು, ಆಫೀಸಿನವನು ತಿದ್ದಿದ. ಆವತ್ತು ಅಮ್ಮ ನನಗೆ ಸಕ್ಕರೆ ಬನ್ನು ಕೊಡಿಸಿದಳು.

ಜ್ಞಾನಸ್ನಾನದ ಚೀಟಿ ಪೆಟ್ಟಿಗೆಯಲ್ಲೇ ಇದೆ. ಅದು ಮಾತಾಮೋರೋಸಿನ ಚರ್ಚಿನದು. ನಿನಗೆ ಸುಳ್ಳು ಹೇಳಿದೆ.

ಅರವತ್ತೇಳು ವರ್ಷ ಯಾರೂ ಕೇಳಲಿಲ್ಲ. ನೀನು ಹಡಗು ಹತ್ತಬೇಕು ಅಂದೆ, ಕೇಳಿದರು.

ಅಕ್ಕ


ವಾಟ್ಸನ್‌ವಿಲ್
24 ಏಪ್ರಿಲ್ 2008

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಿಂದ ಅಲ್ಲ. ಕಾಗದವನ್ನು ಯಾರಾದರೂ ಒಡೆದು ಓದಿದರೆ ಅಂತ ಹೆದರಿ. ಈ ಕಾಗದವನ್ನು ನಮ್ಮ ಬೀದಿಯ ಡಬ್ಬಿಗೆ ಹಾಕೋಲ್ಲ, ಸಾಲಿನಾಸ್ ತನಕ ಹೋಗಿ ಅಲ್ಲಿ ಹಾಕ್ತೀನಿ. ಓದಿದ ಮೇಲೆ ಒಲೆಗೆ ಹಾಕು.

ಪಾಸ್‌ಪೋರ್ಟ್ ಆಫೀಸಿನ ಗಡುವು ಮುಗಿದುಹೋಯಿತು. ನಾನು ಏನೂ ಕಳಿಸಲಿಲ್ಲ. ಈಗ ಅವರು ಸುಮ್ಮನಿರ್ತಾರಾ, ಮನೆಗೆ ಬರ್ತಾರಾ, ಗೊತ್ತಿಲ್ಲ. ಅಂಚೆಯವಳು ಬಾಗಿಲು ತಟ್ಟಿದರೆ ಬಚ್ಚಲುಮನೆಗೆ ಹೋಗಿ ನಿಂತ್ಕೊಳ್ತೀನಿ. ಬಿಳಿ ವ್ಯಾನು ಬೀದಿಯಲ್ಲಿ ನಿಂತರೆ ವಲಸೆ ಇಲಾಖೆಯವರೇ ಅಂತ, ಅದು ಹೋಗೋ ತನಕ ಪರದೆ ಸರಿಸಿ ನೋಡ್ತೀನಿ. ಮೊನ್ನೆ ಅದು ಪೈಪಿನ ಕೆಲಸದವನದು.

ಹನ್ನೊಂದು ಚುನಾವಣೆಯಲ್ಲಿ ಅಧ್ಯಕ್ಷರಿಗೆ ವೋಟು ಹಾಕಿದೀನಿ. ಪ್ರಜೆ ಅಲ್ಲದವನು ವೋಟು ಹಾಕಿದರೆ ಜೈಲು, ಆಮೇಲೆ ಗಡೀಪಾರು ಅಂತ ಲೈಬ್ರರಿಯಲ್ಲಿ ಓದಿದೆ. ಆ ಪುಸ್ತಕವನ್ನು ನನ್ನ ಹೆಸರಿನಲ್ಲಿ ತಗೊಳ್ಳಲಿಲ್ಲ, ಅಲ್ಲೇ ನಿಂತು ಓದಿದೆ. ಎಲ್ಲಿಗೆ ಕಳಿಸ್ತಾರೆ ನನ್ನನ್ನು? ಮಾತಾಮೋರೋಸಿನಲ್ಲಿ ನನಗೆ ಯಾರಿದಾರೆ? ಚೋನಾ ಅತ್ತೆಯ ಮನೆ ಯಾವ ಬೀದಿ ಅಂತಲೂ ನನಗೆ ಗೊತ್ತಿಲ್ಲ.

ದೆಲ್ಫಿನಾಗೆ ಹೇಳಿಲ್ಲ. ಹಡಗಿಗೆ ಅಂತ ಒಂದು ನೀಲಿ ಕೋಟು ತಂದಿದಾಳೆ. ದಿನಾ ಹಾಕ್ಕೊಂಡು “ಗಾಳಿಗೆ ಇದು ಸಾಕಾಗುತ್ತಾ ನೋಡಿ” ಅಂತಾಳೆ. ಸಾಕಾಗುತ್ತೆ ಅಂತೀನಿ. ಹೊರಡೋದು ಮೇ ಹದಿನಾಲ್ಕಕ್ಕೆ. ಅಷ್ಟರಲ್ಲಿ ನನಗೆ ಕಾಯಿಲೆ ಬಂದರೆ ಒಳ್ಳೆಯದು ಅಂತ ಯೋಚಿಸ್ತಿದೀನಿ.

ಎ.


ಬ್ರೌನ್ಸ್‌ವಿಲ್
5 ಮೇ 2008

ಎವಾರಿಸ್ತೋ,

ಮೊದಲು ಈ ಕಾಗದ ಪೂರ್ತಿ ಓದು. ಆಮೇಲೆ ಬೈಯಿ.

ನಿನ್ನನ್ನು ಕೇಳದೆ ನಾನು ಒಬ್ಬ ಲಾಯರ್ ಹತ್ತಿರ ಹೋದೆ. ಅರ್ರೆದೋಂದೋ ಅಂತ ಹೆಸರು, ಚಿಕ್ಕ ವಯಸ್ಸಿನವಳು, ಅವಳ ಅಜ್ಜಿ ನನ್ನ ಜೊತೆ ಹತ್ತಿ ಬಿಡಿಸಿದವಳು. ಕುರ್ಚಿಯ ಮೇಲೆ ಕೂತೆ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ. ಅರ್ಧ ಗಂಟೆ ಬರೀ ಅವಳ ಅಜ್ಜಿಯ ಮಾತೇ ಆಡಿದೆ. ಅವಳು ಅವಸರ ಮಾಡಲಿಲ್ಲ. ಆಮೇಲೆ “ಒಂದು ಸುಳ್ಳು ಬರೆದಿದೀನಿ ಮಗಳೇ, ನನ್ನನ್ನು ಜೈಲಿಗೆ ಹಾಕ್ತಾರಾ” ಅಂದೆ.

“ಯಾವಾಗ ಬರೆದ್ರಿ ಅಜ್ಜಿ?”

“ಸಾವಿರದ ಒಂಬೈನೂರ ನಲವತ್ತೊಂದು.”

“ಆಗ ನಿಮಗೆ ಎಷ್ಟು ವಯಸ್ಸು?”

“ಹನ್ನೊಂದು.”

ಅವಳು ಪೆನ್ನು ಕೆಳಗಿಟ್ಟಳು. ನಗಲಿಲ್ಲ, ಆದರೆ ಅವಳ ಮುಖ ಸಡಿಲವಾಯಿತು. “ನಿಮ್ಮನ್ನು ಯಾರೂ ಏನೂ ಮಾಡೋದಿಲ್ಲ. ಎಲ್ಲ ಹೇಳಿ” ಅಂದಳು.

ಹೇಳಿದೆ. ಸೂಲಗಿತ್ತಿ, ಸೇತುವೆ, ಲಾರಿ, ಎಲ್ಲ. ಅವಳಿಗೆ ಸೂಲಗಿತ್ತಿಯ ಮೇಲೆ ಗಮನ ಇಲ್ಲ, ಅಪ್ಪನ ಬಗ್ಗೆಯೇ ಕೇಳ್ತಾಳೆ. ಅಪ್ಪ ಎಲ್ಲಿ ಹುಟ್ಟಿದ? ಸ್ಯಾನ್ ಬೆನಿತೋದಲ್ಲಿ, 1908ರಲ್ಲಿ ಅಂದೆ. ಲಾರಿಯಲ್ಲಿ ಕಳಿಸಿದಾಗ ವಯಸ್ಸೆಷ್ಟು? ಇಪ್ಪತ್ತಮೂರು. ಅಲ್ಲೀತನಕ ಇಲ್ಲೇ ಇದ್ದನಾ? ಇಲ್ಲೇ ಇದ್ದ. ಅಮ್ಮನನ್ನು ಚರ್ಚಿನಲ್ಲಿ ಮದುವೆ ಆಗಿದ್ದನಾ? ಆಗಿದ್ದ, ಎಂಥ ಪ್ರಶ್ನೆ ಅಂದೆ.

ಆಗ ಅವಳು ಹೇಳಿದ್ದನ್ನು ಅವಳ ಕೈಲೇ ಬರೆಸಿಕೊಂಡು ಬಂದಿದೀನಿ, ಇದರ ಜೊತೆ ಇಟ್ಟಿದೀನಿ. ಅಪ್ಪ ಇಲ್ಲಿ ಹುಟ್ಟಿ ಅಷ್ಟು ವರ್ಷ ಇಲ್ಲಿ ಬೆಳೆದವನಾದ್ದರಿಂದ ಅವನ ಮಗ ಹೊಳೆಯ ಯಾವ ಕಡೆ ಹುಟ್ಟಿದರೂ ಇಲ್ಲಿನ ಪ್ರಜೆಯೇ. ಆಗಿನ ಕಾನೂನೇ ಹಾಗಿತ್ತು. ಅಮ್ಮ ಸುಳ್ಳು ಬರೆಸಬೇಕಾಗೇ ಇರಲಿಲ್ಲ. ಯಾರಾದರೂ ಒಬ್ಬರು ಅವಳಿಗೆ ಹೇಳಿದ್ದರೆ ಆಗ್ತಿತ್ತು.

ಆದರೆ ಇದನ್ನು ರುಜುವಾತು ಮಾಡಬೇಕು. ಅದಕ್ಕೆ ಮೊದಲು ಜನನಪತ್ರ ಸುಳ್ಳು ಅಂತ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಅಪ್ಪನ ದಾಖಲೆ ಸಾಲದು ಅಂತ ಅವರು ಅಂದರೆ ಎರಡೂ ಇಲ್ಲದ ಹಾಗಾಗುತ್ತೆ. ಅಪಾಯ ಇಲ್ಲ ಅಂತ ಅವಳೂ ಹೇಳಲಿಲ್ಲ. ಗೆದ್ದೇ ಗೆಲ್ತೀವಿ ಅನ್ನೋ ಲಾಯರನ್ನು ನಾನು ನಂಬ್ತಿರಲಿಲ್ಲ, ಇವಳನ್ನು ನಂಬಿದೆ. ಕಂಡದ್ದನ್ನು ಪ್ರಮಾಣ ಮಾಡಿ ಬರೆದುಕೊಟ್ಟೆ. ಅದು ಅವಳ ಬೀರುವಿನಲ್ಲಿದೆ. ನೀನು ಹ್ಞೂಂ ಅಂದರೆ ಮಾತ್ರ ಕಳಿಸ್ತಾಳೆ.

ದೆಲ್ಫಿನಾಗೆ ಹೇಳು. ನಾನು ಮುಚ್ಚಿಟ್ಟು ಏನಾದೆ ಅಂತ ನೋಡಿದೀಯಲ್ಲ.

ಅಕ್ಕ


ವಾಟ್ಸನ್‌ವಿಲ್
20 ಮೇ 2008

ಅಕ್ಕಾ,

ಹಡಗು ಹೊರಟುಹೋಯಿತು. ನೊಯೆಮಿ ಮತ್ತು ಅವಳ ಗಂಡ ನಮ್ಮ ಟಿಕೆಟನ್ನು ತಮ್ಮ ಹೆಸರಿಗೆ ಮಾಡಿಸ್ಕೊಂಡು ಹೋದರು. ದೆಲ್ಫಿನಾ ಹೋಗೋಲ್ಲ ಅಂದಳು.

ನಿನ್ನ ಕಾಗದ ಬಂದ ದಿನ ಅಡುಗೆಮನೆಯಲ್ಲಿ ಅವಳು ಬೀನ್ಸ್ ಆರಿಸ್ತಿದ್ದಳು. ಎದುರಿಗೆ ಕೂತು ಹೇಳಿದೆ. ಕಲ್ಲು ಹೆಕ್ಕೋದನ್ನು ಅವಳು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದಳು.

“ಯಾವಾಗಿನಿಂದ ಗೊತ್ತು?”

“ಮಾರ್ಚಿನಿಂದ.”

“ಎರಡು ತಿಂಗಳು ನನ್ನ ಕೋಟು ನೋಡಿ ಸಾಕಾಗುತ್ತೆ ಸಾಕಾಗುತ್ತೆ ಅಂದ್ರಲ್ಲ.”

“ಹೆದರಿಕೆ ಆಯ್ತು.”

“ನನ್ನನ್ನು ಕಂಡಾ?”

ಎದ್ದು ಹೋಗಿ ಕೋಟನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಮೂರನೇ ದಿನ ತಿಂಡಿ ಬಡಿಸ್ತಾ, “ನಿಮ್ಮನ್ನು ಆ ಕಡೆಗೆ ಕಳಿಸಿದರೆ ನಾನೂ ಬರ್ತೀನಿ, ಆದರೆ ನಿಮ್ಮ ಚೋನಾ ಅತ್ತೆಯ ಕಡೆಯವರು ಯಾರಾದರೂ ಇದ್ದರೂ ಅವರ ಜೊತೆ ಇರೋಲ್ಲ, ಬೇರೆ ಮನೆ ಮಾಡಬೇಕು” ಅಂದಳು. ಅಳು ಬಂತು ನನಗೆ. ಬಿಸಿ ರೊಟ್ಟಿ ಬಾಯಿ ಸುಟ್ಟಿತು ಅಂದೆ.

ನೊಯೆಮಿ ತುಂಬಾ ಅತ್ತಳು. ಹಡಗಿನ ಆಸೆ ಹುಟ್ಟಿಸಿದ್ದು ತಾನು ಅಂತ. “ನೀನು ಹುಟ್ಟಿಸದೇ ಇದ್ದಿದ್ದರೆ ನಾನು ಗೊತ್ತಿಲ್ಲದೇ ಸಾಯ್ತಿದ್ದೆ ಮಗಳೇ” ಅಂತ ಸಮಾಧಾನ ಮಾಡಿದೆ. ಅದು ಒಳ್ಳೆಯದಾಗ್ತಿತ್ತೋ ಕೆಟ್ಟದ್ದಾಗ್ತಿತ್ತೋ ನನಗೇ ಗೊತ್ತಿಲ್ಲ.

ಲಾಯರಿಗೆ ಕಳಿಸೋಕೆ ಹೇಳು.

ಎವಾರಿಸ್ತೋ


ಬ್ರೌನ್ಸ್‌ವಿಲ್
2 ಡಿಸೆಂಬರ್ 2008

ಎವಾರಿಸ್ತೋ,

ಅರ್ರೆದೋಂದೋ ಹುಡುಗಿ ಅಪ್ಪನನ್ನು ಹುಡುಕಿ ತೆಗೆದಿದಾಳೆ. 1910, 1920, 1930, ಮೂರು ಜನಗಣತಿಯಲ್ಲೂ ಇದ್ದಾನೆ. ಮೊದಲನೆಯದರಲ್ಲಿ ಎರಡು ವರ್ಷದ ಮಗು. ಕೊನೆಯದರಲ್ಲಿ ಹೆಂಡತಿ ಇದ್ದಾಳೆ, ಕೆಳಗೆ ಒಂದು ಹೆಣ್ಣುಕೂಸು, ಅದು ನಾನು. ಅಪ್ಪನ ಹೆಸರನ್ನು ಮೂರು ಕಡೆ ಮೂರು ಥರ ಬರೆದಿದಾರೆ. ಅದರಿಂದ ತೊಂದರೆ ಆಗಬಹುದಾ ಅಂದೆ. ಆಗಬಹುದು ಅಂದಳು.

ಬೇಲಿ ನಮ್ಮ ಮನೆಯಿಂದ ಇನ್ನೂರು ಗಜಕ್ಕೆ ಬಂದು ನಿಂತಿದೆ. ಕಂಬಗಳ ಮಧ್ಯೆ ಹೊಳೆ ಕಾಣುತ್ತೆ. ಪೌರತ್ವದ ಆಫೀಸಿನವರು ನಿನ್ನನ್ನು ಸಂದರ್ಶನಕ್ಕೆ ಕರೆದ ದಿನ ನನಗೆ ಬರಿ, ಆವತ್ತು ಉಪವಾಸ ಇರ್ತೀನಿ.

ಅಕ್ಕ


ವಾಟ್ಸನ್‌ವಿಲ್
6 ಜುಲೈ 2009

ಅಕ್ಕಾ,

ಊರು ಸೇರಿದೆ. ನಿನ್ನ ಜೊತೆ ಕಳೆದ ಹತ್ತು ದಿನದಲ್ಲಿ ನಾಲ್ಕು ಪೌಂಡು ಹೆಚ್ಚಾಗಿದೀನಿ ಅಂತ ದೆಲ್ಫಿನಾ ಹೇಳ್ತಿದಾಳೆ. ಕೊನೆಗೂ ನನ್ನ ಕೈಗೆ ಬಂದ ಪೌರತ್ವದ ಪ್ರಮಾಣಪತ್ರವನ್ನು ನೀನು ಭೂತಗಾಜು ಹಿಡಿದು ಓದಿದ್ದು, ಮಾತಾಮೋರೋಸ್ ಅಂತ ಅಚ್ಚಾಗಿರೋ ಕಡೆ ಬೆರಳಿಟ್ಟು ಸುಮ್ಮನೆ ಕೂತಿದ್ದು ಅವಳಿಗೆ ಹೇಳಿದೆ. ನೊಯೆಮಿ ಮುಂದಿನ ಮೇ ತಿಂಗಳಿಗೆ ಮತ್ತೆ ಹಡಗು ಅಂತಿದಾಳೆ. ಹ್ಞೂಂ ಅಂದಿದೀನಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ನಿನಗೆ ಬರೀಬೇಕು ಅನ್ನಿಸಿದ್ದು ಬೇರೆ ವಿಷಯ. ನೀನು ಬಸ್ಸು ಹತ್ತಿಸಿ ಹೋದ ಮೇಲೆ ಒಂದೂವರೆ ಗಂಟೆಗೆ ಹೆದ್ದಾರಿಯಲ್ಲಿ ಗಡಿ ಪೊಲೀಸರ ತಪಾಸಣೆ ಕಟ್ಟೆ ಬಂತು. ಯಾವಾಗಲೂ ಇರೋದೇ. ಬಿಸಿಲು ಸುಡ್ತಿತ್ತು. ಹಸಿರು ಸಮವಸ್ತ್ರದ ಹುಡುಗ ಒಬ್ಬ ಬಸ್ಸು ಹತ್ತಿ ಒಬ್ಬೊಬ್ಬರನ್ನೇ “ಅಮೆರಿಕದ ಪ್ರಜೆಯಾ?” ಅಂತ ಕೇಳ್ತಾ ಬಂದ. ಜನ ಹೌದು, ಹೌದು ಅಂತ ಕಿಟಕಿ ಕಡೆ ತಿರುಗ್ತಿದ್ದರು. ಐವತ್ತು ವರ್ಷ ನಾನೂ ಹಾಗೇ ಆಕಳಿಸಿಕೊಂಡು ಹೌದು ಅಂದಿದೀನಿ. ಒಂದೊಂದು ಸಲ ತಲೆ ಎತ್ತಿಯೂ ನೋಡಿದವನಲ್ಲ.

ನನ್ನ ಹತ್ತಿರ ಬಂದು ಕೇಳಿದ. ಬಾಯಿ ತೆರೆದೆ, ಮಾತು ಬರಲಿಲ್ಲ. ಮತ್ತೆ ಕೇಳಿದ. ಎದೆಯ ಹತ್ತಿರ ಜೇಬಿನಲ್ಲಿ ಪತ್ರ ಇದೆ, ಕೈ ಅಲ್ಲಿಗೆ ಹೋಗ್ತಿಲ್ಲ. ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಕೆಳಗೆ ಇನ್ನೊಬ್ಬ ನಾಯಿ ಹಿಡ್ಕೊಂಡು ನಿಂತಿದ್ದ. ಮೂರನೇ ಸಲ ಕೇಳೋವಾಗ ಹುಡುಗನ ದನಿ ಬದಲಾಗಿತ್ತು.

ಹೇಗೋ ಪತ್ರ ತೆಗೆದುಕೊಟ್ಟೆ. ಅವನು ಓದಿದ. ಮಾತಾಮೋರೋಸ್ ಅನ್ನೋ ಕಡೆ ನಿಂತ, ನನ್ನ ಮುಖ ನೋಡಿದ, ಮತ್ತೆ ಓದಿದ. ಆ ಹೊತ್ತಿನಲ್ಲಿ ನನಗೆ ಅಮ್ಮ ಕಂಡಳು. ಎದೆಗೆ ಕೂಸು ಅವಚಿಕೊಂಡು ಸೇತುವೆ ಮೇಲೆ ನಿಂತಿರೋ ಅಮ್ಮ. ಅಷ್ಟು ದಿನ ಅವಳು ಯಾಕೆ ಹಾಗೆ ಮಾಡಿದಳು ಅಂತ ನನ್ನ ಮನಸ್ಸಿನಲ್ಲಿ ಸ್ವಲ್ಪ ಕಹಿ ಇತ್ತು, ನಿನಗೆ ಹೇಳಿರಲಿಲ್ಲ. ಆ ಬಸ್ಸಿನಲ್ಲಿ ಅದು ಹೋಯಿತು.

ಹುಡುಗ ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ವಾಪಸ್ ಕೊಟ್ಟ. “ಮೈ ಹುಷಾರಿಲ್ವಾ ಸರ್? ನೀರು ಬೇಕಾ?” ಅಂದ. ಬೇಡ ಅಂತ ತಲೆಯಾಡಿಸಿದೆ. ಅವನು ಹಿಂದಿನ ಸೀಟಿಗೆ ಹೋದ.

ಬಸ್ಸು ಹೊರಟು ಅರ್ಧ ಗಂಟೆ ಆದ ಮೇಲೆ, ಯಾರೂ ಕೇಳದೇ ಇದ್ದಾಗ, ಕಿಟಕಿ ಕಡೆ ತಿರುಗಿ ನಾನು ಮೆಲ್ಲಗೆ ಹೌದು ಅಂದೆ.

ನಿನ್ನ ತಮ್ಮ
ಎವಾರಿಸ್ತೋ